ಪಂಚಾಯಿತಿ ಸದಸ್ಯರ ಮೇಲೆ ಕೊಟ್ಟ ದೂರು ಅವರ ಕೈಗೇ ಸೇರೀತು, ಎಚ್ಚರ

ಗ್ರಾಮ ಪಂಚಾಯಿತಿ ಸದಸ್ಯರೊಬ್ಬರ ನಡತೆಯ ಬಗ್ಗೆ ದೂರು ಕೊಡಬೇಕೆಂದು ಯೋಚಿಸುತ್ತಿರುವವರು ದಯವಿಟ್ಟು ಅರ್ಜಿ ಬರೆಯುವ ಮೊದಲು ಇದನ್ನು ಓದಿ. ಬಿಳಿ ಹಾಳೆಯಲ್ಲಿ ವಿಷಯ ಬರೆದು, ಸಹಿ ಮಾಡಿ, ಕೆಳಗೆ ಮೊಬೈಲ್ ಸಂಖ್ಯೆ ನಮೂದಿಸಿ ಜಿಲ್ಲಾ ಪಂಚಾಯಿತಿಯ ಟಪಾಲು ವಿಭಾಗಕ್ಕೆ ಕೊಟ್ಟರೆ ಆ ಕಾಗದ ಎಲ್ಲಿಗೆ ಹೋಗಿ ಸೇರಬಹುದು ಎಂಬುದನ್ನು ನಮ್ಮ ಮನೆಯವರು ಕಣ್ಣಾರೆ ಕಂಡಿದ್ದೇವೆ. ಊರಿನ ಹೆಸರನ್ನಾಗಲಿ, ಸದಸ್ಯರ ಹೆಸರನ್ನಾಗಲಿ ಇಲ್ಲಿ ಬರೆಯುವುದಿಲ್ಲ. ವಿಷಯ ಇನ್ನೂ ಇತ್ಯರ್ಥವಾಗಿಲ್ಲ.

ಗ್ರಾಮಠಾಣಾ ವ್ಯಾಪ್ತಿಯಲ್ಲಿ, ಅಂದರೆ ಊರಿನ ವಾಸದ ಜಾಗದಲ್ಲಿರುವ ನಮ್ಮ ತಾಯಿಯ ಮನೆಗೆ, ಪಂಚಾಯಿತಿ ಆಸ್ತಿಗಳ ಇ-ಸ್ವತ್ತು ತಂತ್ರಾಂಶದಲ್ಲಿ ಆಸ್ತಿ ದಾಖಲೆಗಳಾದ ನಮೂನೆ 9 ಮತ್ತು 11ಎ ಪಡೆಯಲು ಅರ್ಜಿ ಹಾಕಿದ್ದೆವು. ದಾಖಲೆ ಪರಿಶೀಲಿಸಿ ಡಿಜಿಟಲ್ ಸಹಿ ಹಾಕುವುದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ, ಅಂದರೆ ಪಿಡಿಒ ಅವರ ಕೆಲಸ. ಅದರಲ್ಲಿ ಸದಸ್ಯರ ಸಹಿಗೆ ಜಾಗವೇ ಇಲ್ಲ. ಆದರೂ ನಮ್ಮ ವಾರ್ಡಿನ ಸದಸ್ಯರು ಮನೆಗೆ ಬಂದು, ಕಡತ ಮುಂದೆ ಹೋಗಬೇಕಾದರೆ ಇಂತಿಷ್ಟು ಖರ್ಚಾಗುತ್ತದೆ ಎಂದು ತಾಯಿಯ ಬಳಿ ಹೇಳಿಹೋದರು. ನಾವು ಕೊಡಲಿಲ್ಲ. ಮುಂದಿನ ಗ್ರಾಮಸಭೆಯಲ್ಲಿ ಅರ್ಜಿ ಏಕೆ ನಿಂತಿದೆ ಎಂದು ತಾಯಿ ಎದ್ದು ಕೇಳಿದಾಗ, ಆ ಸದಸ್ಯರು ಜನರೆದುರಿಗೇ ಏಕವಚನದಲ್ಲಿ ಮಾತನಾಡಿ ಅವರನ್ನು ಕೂರಿಸಿದರು. ಅರವತ್ತು ದಾಟಿದ ಹೆಂಗಸಿಗೆ, ಅದೂ ಪ್ರಶ್ನೆ ಕೇಳುವುದಕ್ಕೆಂದೇ ಕಾನೂನು ಏರ್ಪಡಿಸಿರುವ ಸಭೆಯಲ್ಲಿ, ಹೀಗಾಗಿದ್ದು ನನಗೆ ಹಣ ಕೇಳಿದ್ದಕ್ಕಿಂತ ಹೆಚ್ಚು ನೋವು ಕೊಟ್ಟಿತು.

ದೂರು ಕೊಡಲು ಜಿಲ್ಲಾ ಪಂಚಾಯಿತಿ ಕಚೇರಿಗೆ ಹೋದಾಗ, ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಯವರ ಹೆಸರಿಗೆ ಒಂದು ಮನವಿ ಬರೆದುಕೊಟ್ಟರೆ ಸಾಕು, ಉಳಿದದ್ದನ್ನು ನಾವು ನೋಡಿಕೊಳ್ಳುತ್ತೇವೆ ಎಂದು ಅಲ್ಲಿನ ಸಿಬ್ಬಂದಿಯೇ ಹೇಳಿದರು. ಬರೆದುಕೊಟ್ಟೆ. ಮನವಿಯನ್ನು ಅವರು ‘ಸೂಕ್ತ ಕ್ರಮಕ್ಕಾಗಿ’ ಎಂಬ ಷರಾದೊಂದಿಗೆ ತಾಲ್ಲೂಕು ಪಂಚಾಯಿತಿಗೆ ಕಳಿಸಿದರು. ಅಲ್ಲಿಯ ಕಾರ್ಯನಿರ್ವಾಹಕ ಅಧಿಕಾರಿ ‘ನಿಯಮಾನುಸಾರ ಪರಿಶೀಲಿಸಿ ವರದಿ ಮಾಡಿ’ ಎಂದು ಬರೆದು ಅದನ್ನು ನಮ್ಮದೇ ಗ್ರಾಮ ಪಂಚಾಯಿತಿಗೆ ಕಳಿಸಿದರು. ಹೀಗೆ ಮೇಲಿನ ಕಚೇರಿಗೆ ಕೊಟ್ಟ ದೂರು ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿದು, ಯಾರ ಮೇಲೆ ದೂರಿತ್ತೋ ಅವರು ಸದಸ್ಯರಾಗಿರುವ ಸಂಸ್ಥೆಯ ಮೇಜಿನ ಮೇಲೇ ಬಂದು ಕುಳಿತಿತು.

ಒಂದು ಸಂಜೆ ಆ ಸದಸ್ಯರು ಇನ್ನಿಬ್ಬರನ್ನು ಕರೆದುಕೊಂಡು ಮನೆ ಬಾಗಿಲಿಗೆ ಬಂದರು. ಅವರ ಕೈಯಲ್ಲಿ ನನ್ನ ದೂರಿನ ಜೆರಾಕ್ಸ್ ಪ್ರತಿ ಇತ್ತು. ಟಪಾಲು ವಿಭಾಗದ ದುಂಡು ಮೊಹರು, ಅದರ ಪಕ್ಕದಲ್ಲಿ ತಾಲ್ಲೂಕು ಪಂಚಾಯಿತಿಯ ಸ್ವೀಕೃತಿ ಸಂಖ್ಯೆ, ಕೆಳಗೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿದ್ದ ನನ್ನ ಮೊಬೈಲ್ ಸಂಖ್ಯೆ ಎಲ್ಲವೂ ಅದರಲ್ಲಿ ಸ್ಪಷ್ಟವಾಗಿ ಕಾಣುತ್ತಿದ್ದವು. ಹೊಡೆಯಲಿಲ್ಲ, ಬೈಯಲಿಲ್ಲ, ಒಂದೇ ಊರಿನಲ್ಲಿ ಬಾಳಬೇಕಾದವರು ಎಂದಷ್ಟೇ ಹೇಳಿ ಹೋದರು. ಆ ಮಾತಿನ ಅರ್ಥ ಹಳ್ಳಿಯಲ್ಲಿರುವವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಆಮೇಲೆ ‘ವಿಚಾರಣೆ’ ನಡೆಯಿತು. ಅದು ನಡೆದದ್ದು ಪಂಚಾಯಿತಿ ಕಚೇರಿಯಲ್ಲೇ. ಪಿಡಿಒ ಅವರ ಪಕ್ಕದ ಕುರ್ಚಿಯಲ್ಲಿ ಆ ಸದಸ್ಯರು ಕುಳಿತಿದ್ದರು, ನಾನೂ ತಾಯಿಯೂ ಮೇಜಿನ ಈಚೆ ನಿಂತಿದ್ದೆವು. ಕೇಳಿದ ಪ್ರಶ್ನೆ ಒಂದೇ: ಹಣ ಕೇಳಿದ್ದಕ್ಕೆ ಸಾಕ್ಷಿ ಏನಿದೆ? ಗ್ರಾಮಸಭೆಯಲ್ಲಿ ನಡೆದುದರ ಬಗ್ಗೆ, ಅಲ್ಲಿದ್ದವರ ಬಗ್ಗೆ, ನಮ್ಮ ಅರ್ಜಿ ಇಷ್ಟು ಕಾಲ ಏಕೆ ಬಾಕಿ ಉಳಿಯಿತು ಎಂಬುದರ ಬಗ್ಗೆ ಯಾರೂ ಏನೂ ಕೇಳಲಿಲ್ಲ. ಕೊನೆಗೆ, ತಪ್ಪು ತಿಳಿವಳಿಕೆಯಿಂದ ದೂರು ನೀಡಿದ್ದು ಈಗ ಸ್ವಇಚ್ಛೆಯಿಂದ ಹಿಂಪಡೆಯುತ್ತಿದ್ದೇನೆ ಎಂದು ಮೊದಲೇ ಟೈಪು ಮಾಡಿಟ್ಟಿದ್ದ ಹಾಳೆಯೊಂದನ್ನು ಮುಂದಿಟ್ಟು ಸಹಿ ಹಾಕಲು ಹೇಳಿದರು. ನಾನು ಹಾಕಲಿಲ್ಲ. ಕೆಲವು ವಾರಗಳ ನಂತರ, ದೂರುದಾರರು ಸಾಕ್ಷ್ಯ ಒದಗಿಸದ ಕಾರಣ ಕಡತವನ್ನು ಮುಕ್ತಾಯಗೊಳಿಸಲಾಗಿದೆ ಎಂಬ ಹಿಂಬರಹ, ಅಂದರೆ ಕಚೇರಿಯ ಲಿಖಿತ ಉತ್ತರ, ಅಂಚೆಯಲ್ಲಿ ಬಂತು.

ಇಂಥ ಹಾಳೆಗೆ ಯಾರೂ, ಯಾವ ಕಾರಣಕ್ಕೂ ಸಹಿ ಹಾಕಬೇಡಿ. ಮುಂದೆ ಎಲ್ಲಿಗೆ ಹೋದರೂ ಎದುರಿನವರು ಮೊದಲು ತೋರಿಸುವುದು ಅದನ್ನೇ. ಒತ್ತಾಯ ಹೆಚ್ಚಾದರೆ, ದೂರಿಗೆ ಬದ್ಧನಾಗಿದ್ದೇನೆ ಎಂದು ನಿಮ್ಮ ಕೈಬರಹದಲ್ಲೇ ಹೇಳಿಕೆ ಬರೆದು, ದಿನಾಂಕ ಹಾಕಿ, ಅದರ ಪ್ರತಿಗೆ ಸ್ವೀಕೃತಿ ಪಡೆಯಿರಿ.

ಇಲ್ಲಿ ಕಾನೂನಿನ ಸ್ಥಿತಿಯನ್ನು ತಿಳಿದುಕೊಳ್ಳಬೇಕು. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ 43ಎ ಪ್ರಕರಣದಂತೆ (ಸೆಕ್ಷನ್) ದುರ್ನಡತೆಯ ಕಾರಣಕ್ಕೆ ಸದಸ್ಯರನ್ನು ತೆಗೆದುಹಾಕುವ ಅಧಿಕಾರ ಇರುವುದು ಸರ್ಕಾರಕ್ಕೆ, ಅದೂ ವಿಚಾರಣೆ ನಡೆಸಿ, ಅವರ ಅಹವಾಲು ಕೇಳಿದ ಮೇಲೆ. ಪಿಡಿಒ ಅವರಿಗೆ ಆ ಅಧಿಕಾರವಿಲ್ಲ. ಪಂಚಾಯಿತಿಯ ಸಭೆಗಳಲ್ಲಿ ದಿನವೂ ಆ ಸದಸ್ಯರ ಜೊತೆ ಕೂತು ಕೆಲಸ ಮಾಡಬೇಕಾದ ನೌಕರರೊಬ್ಬರಿಗೆ ಅವರ ಮೇಲೆಯೇ ವರದಿ ಬರೆಯಲು ಹೇಳುವುದು ದೂರುದಾರರಿಗೂ ಅನ್ಯಾಯ, ಆ ನೌಕರರಿಗೂ ಅನ್ಯಾಯ. ಆದ್ದರಿಂದ ಜಿಲ್ಲಾ ಪಂಚಾಯಿತಿಗೆ ದೂರು ಕೊಡುವುದೇ ಆದರೆ, ಯಾವ ಪ್ರಕರಣದಡಿ ಕೊಡುತ್ತಿದ್ದೀರಿ ಎಂದು ತಲೆಬರಹದಲ್ಲೇ ನಮೂದಿಸಿ. ಸಂಬಂಧಪಟ್ಟ ಗ್ರಾಮ ಪಂಚಾಯಿತಿಯ ಮೂಲಕ ತನಿಖೆ ನಡೆಸಬಾರದು, ದೂರುದಾರರ ವಿಳಾಸ ಮತ್ತು ದೂರವಾಣಿಯನ್ನು ಕೆಳಗಿನ ಕಚೇರಿಗಳಿಗೆ ತಿಳಿಸಬಾರದು ಎಂಬ ಕೋರಿಕೆಯನ್ನು ಬೇರೆಯೇ ಪ್ಯಾರಾದಲ್ಲಿ ಬರೆಯಿರಿ. ಮೊಬೈಲ್ ಸಂಖ್ಯೆಯನ್ನು ದೂರಿನ ಹಾಳೆಯ ಮೇಲೆ ಬರೆಯದೆ, ಪ್ರತ್ಯೇಕ ಮುಖಪತ್ರದಲ್ಲಿ ಕೊಡಿ.

ಹಣ ಕೇಳಿದ ಪ್ರಸಂಗವಾದರೆ ಲೋಕಾಯುಕ್ತದ ದಾರಿಯೇ ಮೇಲು. 1984ರ ಲೋಕಾಯುಕ್ತ ಅಧಿನಿಯಮದಡಿ ಸ್ಥಳೀಯ ಸಂಸ್ಥೆಗಳ ಸದಸ್ಯರೂ ಸಾರ್ವಜನಿಕ ನೌಕರರ ವ್ಯಾಖ್ಯೆಯಲ್ಲಿ ಸೇರುತ್ತಾರೆ. ದೂರನ್ನು ನಿಗದಿತ ನಮೂನೆಯಲ್ಲಿ, ಪ್ರಮಾಣಪತ್ರದೊಂದಿಗೆ (ಅಫಿಡವಿಟ್) ಸಲ್ಲಿಸಬೇಕು. ಲಂಚ, ಅಧಿಕಾರ ದುರುಪಯೋಗದಂಥ ಆರೋಪದ ದೂರಾದರೆ ಘಟನೆ ನಡೆದ ಐದು ವರ್ಷದೊಳಗೆ, ಆಡಳಿತದ ಲೋಪದಿಂದಾದ ಕುಂದುಕೊರತೆಯ ದೂರಾದರೆ ವಿಷಯ ತಿಳಿದ ಆರು ತಿಂಗಳೊಳಗೆ ಕೊಡಬೇಕು. ಬೇಕೆಂದೇ ಸುಳ್ಳು ದೂರು ಕೊಟ್ಟರೆ ಜೈಲು ಶಿಕ್ಷೆಯಿದೆ. ಹಾಗಾಗಿ ಊರಲ್ಲಿ ಕೇಳಿದ ಮಾತನ್ನೆಲ್ಲ ಸೇರಿಸದೆ, ನೀವು ಕಂಡು ಕೇಳಿದ್ದನ್ನಷ್ಟೇ ದಿನಾಂಕ ಸಮೇತ ಬರೆಯಿರಿ. ಅಲ್ಲಿಯೂ ತನಿಖೆಗೆ ತೆಗೆದುಕೊಳ್ಳುವಾಗ ದೂರಿನ ಪ್ರತಿ ಎದುರಿನವರಿಗೆ ಹೋಗುತ್ತದೆ ಎಂಬುದನ್ನು ಮೊದಲೇ ತಿಳಿದಿರಿ. ಆದರೆ ಅದು ದಾಖಲೆಯಲ್ಲಿ ನಮೂದಾಗಿ, ಉತ್ತರ ಕೇಳುವ ಸಲುವಾಗಿ ಹೋಗುತ್ತದೆಯೇ ಹೊರತು ಯಾರದೋ ಜೇಬಿನಲ್ಲಿ ಮಡಿಸಿಕೊಂಡು ಹೋಗುವುದಿಲ್ಲ. ಲೋಕಾಯುಕ್ತರು ತಾವೇ ಯಾರನ್ನೂ ಸ್ಥಾನದಿಂದ ತೆಗೆಯುವುದಿಲ್ಲ; ಆರೋಪ ಸಾಬೀತಾದರೆ ಕ್ರಮ ಕೈಗೊಳ್ಳುವ ಅಧಿಕಾರವಿರುವ ಸಕ್ಷಮ ಪ್ರಾಧಿಕಾರಕ್ಕೆ ವರದಿ ಕಳಿಸುತ್ತಾರೆ, ಆ ಪ್ರಾಧಿಕಾರ ಕೈಗೊಂಡ ಕ್ರಮವನ್ನು ಮೂರು ತಿಂಗಳೊಳಗೆ ತಿಳಿಸಬೇಕು.

ಹಣ ಇನ್ನೂ ಕೊಟ್ಟಿಲ್ಲ, ಕೇಳುವುದು ನಡೆದೇ ಇದೆ ಎಂದಾದರೆ ಅರ್ಜಿ ಬರೆಯುತ್ತ ಕೂರದೆ ನೇರವಾಗಿ ಜಿಲ್ಲೆಯ ಲೋಕಾಯುಕ್ತ ಪೊಲೀಸರ ಬಳಿ ಹೋಗಿ. ಭ್ರಷ್ಟಾಚಾರ ನಿಗ್ರಹ ದಳವನ್ನು ಹೈಕೋರ್ಟ್ 2022ರ ಆಗಸ್ಟ್‌ನಲ್ಲಿ ರದ್ದುಪಡಿಸಿದ ಮೇಲೆ ಲಂಚದ ದೂರುಗಳ ತನಿಖೆಯ ಕೆಲಸ ಮತ್ತೆ ಅವರಿಗೇ ಬಂದಿದೆ. ನಮ್ಮ ಬೀದಿಯಲ್ಲೇ ಅದೇ ಸದಸ್ಯರಿಗೆ ಹಣ ಕೊಟ್ಟವರು ಇದ್ದರು. ಸಾಕ್ಷಿ ಹೇಳಿ ಎಂದು ಕೇಳಿದಾಗ, ಕೊಟ್ಟವರ ಮೇಲೂ ಕೇಸಾಗುತ್ತದಂತೆ ಎಂದು ಹೆದರಿ ಹಿಂದೆ ಸರಿದರು. ಅವರ ಭಯ ಪೂರ್ತಿ ಸುಳ್ಳಲ್ಲ. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ಬಂದ ತಿದ್ದುಪಡಿಯ ನಂತರ ಲಂಚ ಕೊಡುವುದೂ ಅಪರಾಧವೇ. ಆದರೆ ಬಲವಂತಕ್ಕೆ ಸಿಕ್ಕಿ ಕೊಟ್ಟವರು ಏಳು ದಿನದೊಳಗೆ ಪೊಲೀಸರಿಗೆ ಅಥವಾ ತನಿಖಾ ಸಂಸ್ಥೆಗೆ ತಿಳಿಸಿದರೆ ಅವರಿಗೆ ಅದು ಅನ್ವಯಿಸುವುದಿಲ್ಲ. ಈ ಏಳು ದಿನದ ಮಾತು ನಮ್ಮೂರಿನಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಗೊತ್ತಿದ್ದರೆ ನಮ್ಮ ತಾಯಿ ಒಂಟಿಯಾಗಿ ನಿಲ್ಲಬೇಕಾಗಿರಲಿಲ್ಲ ಎಂದು ನನಗೆ ಈಗಲೂ ಅನ್ನಿಸುತ್ತದೆ.

ಕಡತ ಮುಕ್ತಾಯವಾಯಿತು ಎಂಬ ಹಿಂಬರಹ ನಿಮಗೂ ಬಂದರೆ, ಅಲ್ಲಿಗೆ ಬಿಡಬೇಡಿ. ಹತ್ತು ರೂಪಾಯಿ ಶುಲ್ಕದೊಂದಿಗೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ, ಆ ಕಡತದ ಟಿಪ್ಪಣಿ ಹಾಳೆಗಳನ್ನೂ (ಅಧಿಕಾರಿಗಳು ಕಡತದಲ್ಲಿ ಷರಾ ಬರೆಯುವ ಹಾಳೆಗಳು) ಪತ್ರ ವ್ಯವಹಾರವನ್ನೂ ಕೇಳಿ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದಗಳೊಳಗೆ ಇರಬೇಕು. ಮೂವತ್ತು ದಿನದೊಳಗೆ ಉತ್ತರ ಬಾರದಿದ್ದರೆ ಮೊದಲ ಮೇಲ್ಮನವಿ ಸಲ್ಲಿಸಿ. ತನಿಖೆ ನಡೆಯುತ್ತಿದೆ ಎಂದು ಹೇಳಿ ಕೊಡದಿರುವ ಅವಕಾಶ ಮುಗಿದ ಕಡತಕ್ಕೆ ಇರುವುದಿಲ್ಲ. ನಮಗೆ ಸಿಕ್ಕ ಟಿಪ್ಪಣಿ ಹಾಳೆಯಲ್ಲಿ, ‘ಸ್ಥಳ ಪರಿಶೀಲನೆ ನಡೆಸಿ ಉಭಯ ಪಕ್ಷಗಾರರನ್ನು ವಿಚಾರಿಸಲಾಗಿದೆ’ ಎಂಬ ಸಾಲಿತ್ತು. ನಮ್ಮ ಮನೆಗೆ ಪರಿಶೀಲನೆಗೆಂದು ಯಾರೂ ಬಂದಿರಲಿಲ್ಲ. ಆ ಹಾಳೆಯ ದೃಢೀಕೃತ ಪ್ರತಿಯನ್ನೂ ಹಿಂಬರಹವನ್ನೂ ಲಗತ್ತಿಸಿ, ತಾಯಿ ತಮ್ಮದೇ ಹೆಸರಿನಲ್ಲಿ, ನೋಟರಿಯ ಎದುರು ಪ್ರಮಾಣ ಮಾಡಿದ ದೂರನ್ನು ಲೋಕಾಯುಕ್ತಕ್ಕೆ ಸಲ್ಲಿಸಿದ್ದಾರೆ.