ಬೂದಿ, ಬೆಳ್ಳುಳ್ಳಿ, ಅಂಟುವಾಳ, ಬೇವಿನೆಣ್ಣೆ: ನಮ್ಮ ಅಲಸಂದೆ ಚಪ್ಪರದಲ್ಲಿ ಯಾವುದು ನಡೆಯಿತು

ಅಲಸಂದೆ ಕುಡಿಗೆ ಕಪ್ಪು ಹೇನು ಹತ್ತಿದರೆ ನಮ್ಮತ್ತೆ ಒಲೆಬೂದಿ ಎರಚುತ್ತಾರೆ, ನಾನು ಮೊಬೈಲ್ ನೋಡಿ ಏನೇನೋ ರುಬ್ಬುತ್ತೇನೆ. ಈ ಸಲ ಜಗಳ ಬೇಡ ಅಂತ ಚಪ್ಪರವನ್ನೇ ಪಾಲು ಮಾಡಿಕೊಂಡೆವು. ತೀರ್ಥಹಳ್ಳಿ ಕಡೆಯ ಹಿತ್ತಲು, ಮಳೆ ಯಾವಾಗ ಬೇಕಾದರೂ ಬಂದು ಎಲ್ಲ ತೊಳೆದುಬಿಡುತ್ತದೆ, ಅದೊಂದು ನೆನಪಿರಲಿ.

ಬೂದಿ ಬೆಳಗಿನ ಇಬ್ಬನಿಗೆ ಚೆನ್ನಾಗಿ ಅಂಟಿತು. ಸಂಜೆ ಒಂದು ಹನಿ ಮಳೆ, ಅಷ್ಟೇ. ಬೆಳ್ಳುಳ್ಳಿ-ಹಸಿಮೆಣಸಿನ ರಸದ ಬಗ್ಗೆ ಜಾಸ್ತಿ ಹೇಳೋದಿಲ್ಲ. ನನ್ನ ಕೈ ಎರಡು ದಿನ ಉರಿಯಿತು, ಸ್ಪ್ರೇ ಬಾಟಲಿಯ ತೂತು ಕಟ್ಟಿಕೊಂಡಿತು, ಹೇನು ಮಾತ್ರ ಆರಾಮಾಗಿತ್ತು.

ನಿಜವಾದ ಪೈಪೋಟಿ ಇದ್ದಿದ್ದು ಅಂಟುವಾಳಕ್ಕೂ ಬೇವಿನೆಣ್ಣೆಗೂ. ಎಂಟು-ಹತ್ತು ಅಂಟುವಾಳದ ಸಿಪ್ಪೆ ರಾತ್ರಿ ನೆನೆಹಾಕಿ, ಬೆಳಿಗ್ಗೆ ಕಿವುಚಿ ಸೋಸಿ, ಒಂದು ಲೀಟರ್ ನೀರು ಮಾಡಿಕೊಂಡೆ. ಹೊಡೆದ ಮರುದಿನವೇ ಹೇನು ಉದುರಿತ್ತು. ಆದರೆ ನೊರೆ ತಾಗಿದ್ದು ಮಾತ್ರ ಸಾಯುತ್ತದೆ, ಹಾಗಾಗಿ ಎಲೆ ಮಗುಚಿ ಅಡಿಗೂ ಹೊಡೆಯಬೇಕು. ತಪ್ಪಿಸಿಕೊಂಡ ನಾಲ್ಕೇ ಹೇನು ವಾರದೊಳಗೆ ಮತ್ತೆ ಸಂಸಾರ ಹೂಡುತ್ತವೆ, ಗಂಡಿನ ಹಂಗಿಲ್ಲದೆ ಮರಿ ಹಾಕುವ ಜಾತಿ ಅಲ್ವಾ. ಮೂರು ದಿನಕ್ಕೊಮ್ಮೆ ಮೂರು ಸಲ ಹೊಡೆದ ಮೇಲೆ ಹತೋಟಿಗೆ ಬಂತು.

ಬೇವು ನಮ್ಮ ಮಳೆಗೆ ಅಷ್ಟು ಹೊಂದುವ ಮರ ಅಲ್ಲ, ಎಣ್ಣೆ ಅಂಗಡಿಯಿಂದಲೇ ತರಬೇಕು. ಲೀಟರಿಗೆ 5 ಮಿಲಿ. ಸುಮ್ನೆ ನೀರಿಗೆ ಸುರಿದರೆ ಮೇಲೆ ತೇಲುತ್ತದೆ, ಮೊದಲು ಅಂಟುವಾಳದ ನೊರೆಯಲ್ಲಿ ಕಲಸಿ ಆಮೇಲೆ ನೀರು ಹಾಕಬೇಕು. ಬಿಸಿಲಿಗೆ ಅದರ ಸತ್ವ ಹೋಗುತ್ತದೆ, ಅದಕ್ಕೇ ಸಂಜೆ ಹೊಡೆಯುವುದು. ನಾಲ್ಕನೇ ದಿನವೂ ಹೇನು ಹಾಗೇ ಕೂತಿತ್ತು, ದುಡ್ಡು ದಂಡ ಅಂದುಕೊಂಡೆ. ಅದು ತಕ್ಷಣ ಕೊಲ್ಲುವುದಿಲ್ಲ, ಹುಳ ತಿನ್ನುವುದು ಬಿಡುತ್ತದೆ, ಪೊರೆ ಕಳಚಿ ಬೆಳೆಯಲಾಗುವುದಿಲ್ಲ. ಹತ್ತು ದಿನಕ್ಕೆ ಹೊಸ ಕುಡಿ ಚೊಕ್ಕವಾಗಿ ಬಂತು. ಆಸೆಗೆ ಒಂದು ಸಲ 15 ಮಿಲಿ ಹಾಕಿ ಎಲೆ ಸುಟ್ಟುಕೊಂಡಿದ್ದೂ ಆಯಿತು. ಈಗ ಹೇನು ಕಂಡ ದಿನ ಅಂಟುವಾಳ, ನಾಲ್ಕು ದಿನ ಬಿಟ್ಟು ಬೇವಿನೆಣ್ಣೆ. ಅತ್ತೆ ಪಾಲಿನಲ್ಲಿ ಗುಲಗಂಜಿ ಹುಳ ಬಂದು ಹೇನು ತಿನ್ನುತ್ತಿತ್ತು, ಅಲ್ಲಿಗೆ ನಾನು ಬಾಟಲಿ ಒಯ್ಯಲಿಲ್ಲ.

ರೋಗದ ಲೆಕ್ಕ ಬೇರೆ. ಮಳೆ ನಿಂತ ಮೇಲೆ ಡೇರೆ ಹೂವಿನ ಗಿಡದ ಎಲೆಗೆ ಬರುವ ಬಿಳಿ ಬೂದಿ ರೋಗಕ್ಕೆ ಹುಳಿ ಮಜ್ಜಿಗೆ, ಒಂದಕ್ಕೆ ಹತ್ತು ನೀರು. ಶುರುವಿನಲ್ಲೇ ಹೊಡೆದ ಗಿಡ ಉಳಿಯಿತು, ಪೂರ್ತಿ ಬೆಳ್ಳಗಾದದ್ದು ಉಳಿಯಲಿಲ್ಲ. ಮಳೆಗಾಲದ ಕೊಳೆರೋಗಕ್ಕೆ ಮಜ್ಜಿಗೆ ಏನೂ ಮಾಡುವುದಿಲ್ಲ, ಅಲ್ಲಿ ಬೋರ್ಡೋ ದ್ರಾವಣ, ಅಂದರೆ ಮೈಲುತುತ್ತ-ಸುಣ್ಣದ ನೀರೇ ಆಗಬೇಕು, ಅದೂ ಮಳೆ ಹಿಡಿಯುವ ಮೊದಲೇ. ಮನೆ ಮಟ್ಟಕ್ಕೆ 10 ಗ್ರಾಂ ಮೈಲುತುತ್ತ, 10 ಗ್ರಾಂ ಸುಣ್ಣ, ಬೇರೆ ಬೇರೆ ಅರ್ಧ ಲೀಟರ್ ನೀರಲ್ಲಿ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯಿರಿ, ಪ್ಲಾಸ್ಟಿಕ್ ಬಕೆಟ್ಟಿನಲ್ಲೇ. ಉಜ್ಜಿದ ಕತ್ತಿ ಅದ್ದಿ ನೋಡಿ, ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣ ಬೇಕು. ಅವತ್ತೇ ಹೊಡೆದು ಮುಗಿಸಿ. ನನ್ನದು ಮಿಕ್ಕಿತ್ತು, ಅಂಗಳದಂಚಿನ ಅಡಿಕೆ ಸಸಿಗೆ ಹೋಯಿತು.