ಕೆಡವಿಸೋಣ ಅಂತಿದ್ದ ಚಿಮಣಿ, ಕೊನೆಗೆ ರಿಪೇರಿ ಮಾಡಿಸಿದೆ

ಮಳೆ ಬಂದಾಗಲೆಲ್ಲ ಮೇಲಿನ ಕೋಣೆಯಲ್ಲಿ ಹಳೇ ಮಸಿ ವಾಸನೆ. ಗೋಡೆ ಮೇಲೆ ಕಾಫಿ ಚೆಲ್ಲಿದ ಹಾಗೆ ಕಂದು ಕಲೆ. ಎರಡು ಸಲ ಪೇಂಟ್ ಹೊಡೆಸಿದೆ, ಎರಡು ಸಲವೂ ಕಲೆ ಮತ್ತೆ ಎದ್ದು ಬಂತು. ಇದರ ಸಹವಾಸವೇ ಬೇಡ, ಚಿಮಣಿ ಕೆಡವಿಸಿಬಿಡೋಣ ಅಂತ ಮೊದಲೇ ತೀರ್ಮಾನ ಮಾಡಿಕೊಂಡು, ಆಮೇಲೆ ಜನ ಹುಡುಕಿದೆ.

ಮೊದಲು ಬಂದವರು ಅಂಗಳದಲ್ಲೇ ನಿಂತು ಮೊಬೈಲಿನಲ್ಲಿ ಎರಡು ಫೋಟೋ ತೆಗೆದು, "ಪೂರ್ತಿ ಹೋಗಿದೆ ಸಾರ್, ತೆಗೆಸಿಬಿಡಿ" ಅಂದರು. ನನಗೆ ಬೇಕಿದ್ದ ಮಾತೇ ಅದು, ಖುಷಿಯೇ ಆಯಿತು. ಆದರೆ ಈ ಚಿಮಣಿಗೆ ಈಗ ಏನಾದರೂ ಜೋಡಿಸಿದೆಯಾ ಅಂತ ಅವರು ಕೇಳಲೇ ಇಲ್ಲ. ನೀರು ಕಾಯಿಸುವ ಗ್ಯಾಸ್ ಬಾಯ್ಲರಿನ ಹೊಗೆ ಹೋಗುವುದೇ ಅದರಲ್ಲಿ! ಮೇಲೆ ಕೆಡವಿ ಬಾಯಿ ಮುಚ್ಚಿದ್ದರೆ ಕಾರ್ಬನ್ ಮಾನಾಕ್ಸೈಡ್ ಮನೆಯೊಳಗೇ ತುಂಬುತ್ತಿತ್ತು. ಅದಕ್ಕೆ ಬಣ್ಣ ಇಲ್ಲ, ವಾಸನೆಯೂ ಇಲ್ಲ. ನೆನೆಸಿಕೊಂಡರೆ ಈಗಲೂ ಎದೆ ಝಲ್ ಅನ್ನುತ್ತದೆ.

ಈ ರಿವ್ಯೂ ಎರಡನೆಯವರ ಬಗ್ಗೆ. ಮೇಸ್ತ್ರಿ ಏಣಿ ಹಾಕಿ ಮೇಲೆ ಹತ್ತಿದರು, ಇಟ್ಟಿಗೆ ಸಂದಿಗೆ ಸ್ಕ್ರೂಡ್ರೈವರ್ ಚುಚ್ಚಿ ನೋಡಿದರು, ದಾರಕ್ಕೆ ಗುಂಡು ಕಟ್ಟಿ ಇಳಿಬಿಟ್ಟು ವಾಲಿದೆಯಾ ಅಂತ ನೋಡಿದರು, ಆಮೇಲೆ ಕೊಳವೆಯೊಳಗೆ ಕ್ಯಾಮೆರಾ ಇಳಿಸಿ ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿದರು. ವಾಲಿರಲಿಲ್ಲ. ಕೆಟ್ಟಿದ್ದು ಮೇಲಿನ ಆರು ವರಸೆ ಇಟ್ಟಿಗೆ, ಬಿರುಕು ಬಿಟ್ಟ ತಲೆಗಾರೆ (ಚಿಮಣಿಯ ನೆತ್ತಿಗೆ ಮೆತ್ತುವ ಗಾರೆ), ಮತ್ತೆ ಚಾವಣಿ ಸೇರುವ ಜಾಗದಲ್ಲಿ ಎದ್ದುಹೋಗಿದ್ದ ಸೀಸದ ತಗಡು. ನೀರು ಇಳಿಯುತ್ತಿದ್ದದ್ದು ಹೆಚ್ಚಾಗಿ ಆ ತಗಡಿನ ಸಂದಿಯಿಂದ. ಅಷ್ಟಕ್ಕೆ ಇಡೀ ಚಿಮಣಿ ಕೆಡವಲು ಹೊರಟಿದ್ದೆ ನಾನು.

ಇಟ್ಟಿಗೆ ಹೋಗಿದ್ದಕ್ಕೆ ಕಾರಣ ಕೇಳಿದರೆ ನಗು ಬರುತ್ತದೆ. ಹಿಂದೆ ಯಾರೋ "ಗಟ್ಟಿಯಾಗಲಿ" ಅಂತ ಸಿಮೆಂಟ್ ಮೆತ್ತಿದ್ದರಂತೆ. ಹಳೇ ಇಟ್ಟಿಗೆ ಮೆದು. ಸುಣ್ಣದ ಗಾರೆ ಇದ್ದರೆ ಹೀರಿದ ನೀರು ಸಂದಿಯಿಂದಲೇ ಆರಿಹೋಗುತ್ತದೆ. ಸಿಮೆಂಟ್ ಅದಕ್ಕೆ ಬಿಡುವುದಿಲ್ಲ, ನೀರು ಇಟ್ಟಿಗೆಯಲ್ಲೇ ಉಳಿದು, ಚಳಿ ಜಾಸ್ತಿಯಾದಾಗ ಹೆಪ್ಪುಗಟ್ಟಿ ಹಿಗ್ಗಿ, ಇಟ್ಟಿಗೆಯ ಮುಖವೇ ಚಕ್ಕೆ ಏಳುತ್ತದೆ. ಅದಕ್ಕೇ ಇವರು ಆರು ವರಸೆ ಬಿಚ್ಚಿ ಸುಣ್ಣದ ಗಾರೆಯಲ್ಲೇ ಮತ್ತೆ ಕಟ್ಟಿದರು. ಬಾಯ್ಲರಿನ ಕೊಳವೆಗೆ ಸ್ಟೀಲ್ ಲೈನರ್, ಅಂದರೆ ಒಳಗೊಂದು ಸ್ಟೀಲ್ ಕೊಳವೆ, ಇಳಿಸಿದರು. ಪಕ್ಕದ ಕೊಳವೆ ಹಳೇ ಬೆಂಕಿಗೂಡಿನದು, ಯಾರೂ ಉಪಯೋಗಿಸುವುದಿಲ್ಲ. ಅದಕ್ಕೆ ಗಾಳಿ ಆಡುವ ಟೋಪಿ ಹಾಕಿ, ಕೆಳಗೂ ಒಂದು ಜಾಲರಿ ಬಿಟ್ಟರು. ಎರಡೂ ಕಡೆ ಬಿಗಿಯಾಗಿ ಮುಚ್ಚಿದರೆ ಒಳಗೇ ತೇವ ಕಟ್ಟುತ್ತದಂತೆ.

ನನಗೊಂದು ಆಸೆ ಇತ್ತು. ಕೋಣೆಯೊಳಗೆ ಚಿಮಣಿಯ ಉಬ್ಬುಗೋಡೆ ಇದೆಯಲ್ಲ, ಅದನ್ನಾದರೂ ಒಡೆಸಿದರೆ ಜಾಗ ಸಿಗುತ್ತದೆ ಅಂತ. ಬೇಡ ಅಂತ ಮೇಸ್ತ್ರಿ ಕಡ್ಡಿ ಮುರಿದ ಹಾಗೆ ಹೇಳಿದರು. ಒಂದು ಘನ ಮೀಟರ್ ಇಟ್ಟಿಗೆ ಕೆಲಸ ಸುಮಾರು 1,800 ಕಿಲೋ ತೂಗುತ್ತದೆ, ಕೆಳಗಿನದು ತೆಗೆದರೆ ಮೇಲಿನ ಭಾರ ಹೊರುವವರು ಯಾರು? ಎಂಜಿನಿಯರ್ ಲೆಕ್ಕ ಹಾಕಿ ಉಕ್ಕಿನ ತೊಲೆ ಕೊಡಿಸಬೇಕು, ಬಾಯ್ಲರಿಗೂ ಬೇರೆ ದಾರಿ ಮಾಡಬೇಕು. ಚಿಮಣಿ ವಾಲಿದ್ದು, ಬಾಯ್ಲರೂ ಇಲ್ಲದಿದ್ದರೆ ಚಾವಣಿಗಿಂತ ಕೆಳಗಿನವರೆಗೆ ಇಳಿಸಿ ಹೆಂಚು ಮುಚ್ಚಿಬಿಡಿ ಅಂತ ತಾನೇ ಹೇಳುತ್ತಿದ್ದೆ ಅಂದರು. ಕೆಲಸ ಜಾಸ್ತಿ ಹಿಡಿಯುವ ಆಸೆಯಿಂದ ಮಾತಾಡದವರು ಸಿಗುವುದೇ ಅಪರೂಪ, ಅಲ್ವಾ?

ಮೂರು ಮಳೆ ಜೋರಾಗಿ ಹೊಡೆಯಿತು. ವಾಸನೆ ಇಲ್ಲ. ಕಲೆ ಇನ್ನೂ ಇದೆ, ಆದರೆ ಹರಡುತ್ತಿಲ್ಲ. ಮಸಿಯ ಉಪ್ಪು ಗೋಡೆಯೊಳಗೆ ಇಳಿದಿದೆ, ಆ ಪ್ಲಾಸ್ಟರ್ ಕೆತ್ತಿಸದೆ ಹೋಗುವುದಿಲ್ಲ ಅಂತ ಮೊದಲೇ ಹೇಳಿದ್ದರು, ಹಾಗಾಗಿ ಅದಕ್ಕೆ ದೂರಿಲ್ಲ.

ದೂರು ಇರುವುದು ಬೇರೆಯದಕ್ಕೆ. ಬರುತ್ತೇನೆ ಅಂದ ದಿನಕ್ಕಿಂತ ಒಂಬತ್ತು ದಿನ ತಡ, ಒಂದು ಫೋನೂ ಇಲ್ಲ. ಸಾರುವೆ ಬಿಚ್ಚಿಕೊಂಡು ಹೋದ ಮೇಲೆ ನೋಡಿದರೆ ಚಾವಣಿಯ ನೀರಿನ ದೋಣಿಯಲ್ಲಿ ಗಾರೆ ಪುಡಿ, ಇಟ್ಟಿಗೆ ಚೂರು ತುಂಬಿತ್ತು. ಕರೆದ ಮೇಲೆ ಹುಡುಗನೊಬ್ಬನನ್ನು ಕಳಿಸಿ ತೆಗೆಸಿದರು. ಅದಕ್ಕೆ ಐದರಲ್ಲಿ ನಾಲ್ಕೇ ಸ್ಟಾರ್.