ಬ್ರೇಕ್ ಪೆಡಲ್ ಮೆತ್ತಗಿದ್ದರೆ ಕಾರನ್ನು ಗ್ಯಾರೇಜಿನಿಂದ ಹೊರಗೆ ತೆಗೆಯಬೇಡಿ

ಬ್ರೇಕ್ ಆಯಿಲ್ ಪೈಪಿನೊಳಗೆ ಸೇರಿದ ಗಾಳಿ, ಅಂದರೆ ಏರ್, ತೆಗೆಸಿದ ಮೇಲೂ ಬ್ರೇಕ್ ಪೆಡಲ್ ಗಟ್ಟಿಯಾಗದಿದ್ದರೆ ದಯವಿಟ್ಟು ಆ ಕಾರನ್ನು ರಸ್ತೆಗೆ ಇಳಿಸಬೇಡಿ. "ಎರಡು ದಿನ ಓಡ್ಸಿ ಸರ್, ತಾನಾಗೇ ಸರಿ ಹೋಗ್ತದೆ" ಅಂತ ಯಾರೇ ಹೇಳಿದರೂ ನಂಬಬೇಡಿ. ನಾನು ನಂಬಿದೆ. ಹಿಂದಿನ ಸೀಟಿನಲ್ಲಿ ಅಮ್ಮ ಕೂತಿದ್ದರು.

ನಮ್ಮದು ಹನ್ನೆರಡು ವರ್ಷದ ಸಣ್ಣ ಕಾರು. ಮಳೆಗಾಲ ಕಳೆಯುವಷ್ಟರಲ್ಲಿ ಮುಂದಿನ ಚಕ್ರಗಳ ಎರಡೂ ಕ್ಯಾಲಿಪರ್ (ಬ್ರೇಕ್ ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ತುಕ್ಕು ಹಿಡಿದು ಜಾಮ್ ಆಗಿದ್ದವು. ತೀರ್ಥಹಳ್ಳಿ ಕಡೆಯ ಒಂದು ಗ್ಯಾರೇಜಿನಲ್ಲಿ ಹೊಸದು ಹಾಕಿಸಿದೆ. ಒಬ್ಬ ಹುಡುಗ ಪೆಡಲ್ ತುಳಿಯುತ್ತಾ, ಇನ್ನೊಬ್ಬ ಕೆಳಗೆ ಕ್ಯಾಲಿಪರಿನ ನಿಪ್ಪಲ್ (ಗಾಳಿ ಹೊರಬಿಡುವ ಸಣ್ಣ ತಿರುಪು) ಬಿಚ್ಚುತ್ತಾ "ಹೊಡಿ, ಹೊಡಿ, ಹಿಡ್ಕೊ" ಅಂತ ಸಂಜೆವರೆಗೂ ಏರ್ ತೆಗೆದರು. ಅರ್ಧ ಲೀಟರಿನ ಎರಡು ಡಬ್ಬಿ ಬ್ರೇಕ್ ಆಯಿಲ್ ಖಾಲಿಯಾಯಿತು. ಪೈಪಿನಲ್ಲಿ ಒಂದು ಗುಳ್ಳೆಯೂ ಬರುತ್ತಿರಲಿಲ್ಲ. ಆದರೂ ಮೊದಲ ಸಲ ತುಳಿದರೆ ಪೆಡಲ್ ಸೀದಾ ನೆಲಕ್ಕೆ. ಮೂರು ನಾಲ್ಕು ಸಲ ಪಂಪ್ ಮಾಡಿದ ಮೇಲಷ್ಟೇ ಮೇಲೆ ಬರುತ್ತಿತ್ತು.

ಮರುದಿನ ಉಡುಪಿಗೆ ಹೊರಟೆವು. ಆಗುಂಬೆ ಪೇಟೆ ಹತ್ತಿರ ಎಮ್ಮೆಯೊಂದು ಅಡ್ಡ ಬಂತು. ತುಳಿದೆ, ಕಾಲು ಮ್ಯಾಟಿಗೆ ತಾಗಿತು. ಮತ್ತೆ ತುಳಿದೆ. ಗೇರ್ ಇಳಿಸಿ ಹ್ಯಾಂಡ್‌ಬ್ರೇಕ್ ಎಳೆದಾಗ ಎಮ್ಮೆಗೂ ಬಂಪರಿಗೂ ಒಂದು ಮೊಳ ಉಳಿದಿತ್ತು. ಅಲ್ಲಿಂದ ಮುಂದೆ ಘಾಟಿ, 14 ಹೇರ್‌ಪಿನ್ ತಿರುವು. ಈಗಲೂ ರಾತ್ರಿ ಅದೇ ನೆನಪಾಗುತ್ತದೆ.

ಕಾರನ್ನು ಟೋ ಮಾಡಿಸಿ ಹಳೆಯ ಮೆಕ್ಯಾನಿಕ್ ಒಬ್ಬರ ಹತ್ತಿರ ಒಯ್ದೆ. ಅವರು ಚಕ್ರ ಬಿಚ್ಚಿ, ಟಾರ್ಚ್ ಹಿಡಿದು ನೋಡಿ, "ಎಡದ್ದು ಬಲಕ್ಕೆ ಹಾಕಿದಾರೆ ಮಾರಾಯ್ರೆ" ಅಂದರು. ನಿಪ್ಪಲ್ ಕ್ಯಾಲಿಪರಿನ ಕೆಳಗಿತ್ತು, ಆಯಿಲ್ ಬರುವ ಹೋಸ್ ಮೇಲಿತ್ತು. ಗಾಳಿ ಮೇಲೇರಿ ನಿಲ್ಲುತ್ತದೆ. ಕೆಳಗಿನ ನಿಪ್ಪಲಿನಿಂದ ಎಷ್ಟು ಡಬ್ಬಿ ಸುರಿದರೂ ಬರುವುದು ಬರೀ ಆಯಿಲ್. ಹಲವು ಕಾರುಗಳಲ್ಲಿ ಎರಡು ಬದಿಯ ಕ್ಯಾಲಿಪರೂ ಒಂದೇ ತರಹದ ಬೋಲ್ಟಿಗೆ ಕೂರುತ್ತವೆ, ಹಾಗಾಗಿ ತಪ್ಪು ಗೊತ್ತೇ ಆಗುವುದಿಲ್ಲ. ನಿಪ್ಪಲ್ ಮೇಲ್ತುದಿಯಲ್ಲಿದೆಯೇ ಅಂತ ನೀವೇ ಬಗ್ಗಿ ನೋಡಿ, ಒಂದು ನಿಮಿಷದ ಕೆಲಸ.

ಅದಲು ಬದಲು ಮಾಡಿ ಏರ್ ತೆಗೆದ ಮೇಲೆ ಪೆಡಲ್ ಗಟ್ಟಿಯಾಯಿತು. ಆದರೆ ಒತ್ತಿ ಹಿಡಿದರೆ ಮೆಲ್ಲನೆ ಕೆಳಗಿಳಿಯುತ್ತಿತ್ತು, ಹೊರಗೆಲ್ಲೂ ಸೋರಿಕೆಯಿಲ್ಲ. ಇದು ಮಾಸ್ಟರ್ ಸಿಲಿಂಡರಿನ ತೊಂದರೆ. ಪೆಡಲ್ ತುಳಿದಾಗ ಆಯಿಲನ್ನು ಚಕ್ರಗಳ ಕಡೆಗೆ ತಳ್ಳುವುದು ಅದೇ. ದಿನನಿತ್ಯ ಬ್ರೇಕ್ ಹಿಡಿಯುವಾಗ ಅದರ ಪಿಸ್ಟನ್ ಪೂರ್ತಿ ಒಳಗೆ ಹೋಗುವುದಿಲ್ಲ, ಆ ಕೊನೆಯ ಭಾಗದಲ್ಲಿ ವರ್ಷಗಟ್ಟಲೆ ತುಕ್ಕು, ಕೊಳೆ ಕೂತಿರುತ್ತದೆ. ಗ್ಯಾರೇಜಿನಲ್ಲಿ ಸಂಜೆವರೆಗೂ ನೆಲದವರೆಗೆ ತುಳಿದು ತುಳಿದು ಪಿಸ್ಟನ್ನಿನ ರಬ್ಬರ್ ಸೀಲು ಆ ಕೊಳೆಗೆ ಉಜ್ಜಿ ಹರಿದಿದ್ದವು. ಹಳೆಯ ಕಾರಾದರೆ ಏರ್ ತೆಗೆಯುವಾಗ ಪೆಡಲ್ ನೆಲದವರೆಗೆ ಹೋಗದಂತೆ ಅದರ ಕೆಳಗೆ ಒಂದು ಮರದ ತುಂಡು ಇಡಿಸಿ. ಮಾಸ್ಟರ್ ಸಿಲಿಂಡರ್ ಮೇಲಿನ ಡಬ್ಬದಲ್ಲಿ ಆಯಿಲ್ ತಳ ಕಾಣದಂತೆಯೂ ನೋಡಿಕೊಳ್ಳಿ, ಒಮ್ಮೆ ಗಾಳಿ ಎಳೆದುಕೊಂಡರೆ ಮತ್ತೆ ಮೊದಲಿನಿಂದ. ಎಬಿಎಸ್ (ಜೋರಾಗಿ ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುವ ವ್ಯವಸ್ಥೆ) ಇರುವ ಕೆಲವು ಕಾರುಗಳಲ್ಲಿ ಅದರ ಯೂನಿಟ್ಟಿನೊಳಗೆ ಸಿಕ್ಕಿದ ಗಾಳಿ, ಕಾರಿನ ಕಂಪ್ಯೂಟರಿಗೆ ಜೋಡಿಸುವ ಸ್ಕ್ಯಾನರ್ ಹಾಕದೆ ಹೊರಗೆ ಬರುವುದಿಲ್ಲ.

ಹೊಸ ಮಾಸ್ಟರ್ ಸಿಲಿಂಡರ್ ಹಾಕಿಸಿಕೊಂಡು, ಹಿಂದಿನ ವಾರ ಮೊದಲಿನ ಗ್ಯಾರೇಜಿಗೇ ಹೋಗಿ ಆ ಹುಡುಗನಿಗೆ ನಿಪ್ಪಲ್ ತೋರಿಸಿದೆ. ಅವನು ಮಾತಾಡಲಿಲ್ಲ. ಜಾಕ್ ಮೇಲೆ ನಿಂತಿದ್ದ ಇನ್ನೊಂದು ಕಾರಿನ ಹತ್ತಿರ ಓಡಿ, ಮಂಡಿಯೂರಿ ಅದರ ಚಕ್ರದೊಳಗೆ ನೋಡಿದ.